ಮನಸ್ಸು ಮಾಡಿದರೆ ಸಾಕೆ?

ಹೋದ ತಿಂಗಳು ನನ್ನ ತಂದೆಯವರು ತೀರಿಕೊಂಡರು. ಅವರಿಗೆ 85 ತುಂಬಿತ್ತು, ಬಹಳ ನರಳಲಿಲ್ಲ. ಕುಡಿತ ಬಿಡಲು ಹೆಣಗುವವರ ಎದುರು ಕೂತು ಮಾತನಾಡುವುದನ್ನೇ ಸುಮಾರು ನಲವತ್ತು ವರ್ಷ ವ್ರತದಂತೆ ನಡೆಸಿದವರು ಅವರು. ವೈಕುಂಠ ಸಮಾರಾಧನೆ ಕಳೆದ ಮೇಲಿನ ಭಾನುವಾರ ಬಸವನಗುಡಿಯ ಸಭಾಂಗಣವೊಂದರಲ್ಲಿ ಸ್ನೇಹಿತರು ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದರು. ಜನ ಚೆನ್ನಾಗಿಯೇ ಸೇರಿದ್ದರು. ಪಟಕ್ಕೆ ಮಲ್ಲಿಗೆಯ ಹಾರ, ಎರಡು ನಿಮಿಷ ಮೌನ, ಆಮೇಲೆ ಭಾಷಣಗಳು. ನಾಲ್ಕನೆಯವರಾಗಿ ಎದ್ದು ನಿಂತವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮಹನೀಯರು, ಒಳ್ಳೆಯ ಮಾತುಗಾರರು. ಅವರು ಹೇಳಿದ್ದರ ಸಾರಾಂಶ ಇಷ್ಟು: “ಇವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದರು. ಒಂದು ದಿನ ಮನಸ್ಸು ಗಟ್ಟಿ ಮಾಡಿದರು, ಬಿಟ್ಟರು. ಮನಸ್ಸಿದ್ದರೆ ಮಾರ್ಗ. ಇವರಿಗೆ ಸಾಧ್ಯವಾದದ್ದು ಇತರರಿಗೆ ಏಕಾಗಬಾರದು? ಈಗಿನವರಿಗೆ ಇಲ್ಲದಿರುವುದು ಔಷಧವಲ್ಲ, ಮನಸ್ಸು!”

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ಮಗಳೆಂಬ ಸಂಕೋಚಕ್ಕೆ ಎರಡು ಸಲ ಅಂಗೈ ತಾಗಿಸಿದೆ. ಆ ಎರಡು ಚಪ್ಪಾಳೆಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಸತ್ತವರನ್ನು ಹೊಗಳುವುದು ನಮ್ಮಲ್ಲಿ ಶಿಷ್ಟಾಚಾರ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಒಬ್ಬ ಮನುಷ್ಯ ಬದುಕಿದ್ದಷ್ಟು ಕಾಲ ಯಾವ ಮಾತಿನ ಮೇಲೆ ಯುದ್ಧ ಹೂಡಿದ್ದನೋ ಆ ಮಾತನ್ನೇ ಹೂವಿನ ಜೊತೆ ಸೇರಿಸಿ ಅವನ ಪಟಕ್ಕೆ ತೊಡಿಸುವುದು ಯಾವ ನ್ಯಾಯ?

ತಂದೆಯವರನ್ನು ನಾವು ಮನೆಯಲ್ಲಿ ‘ಅಣ್ಣ’ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಕೊಡುವುದಿಲ್ಲ. ಅವರು ಸೇರಿದ್ದ ಸಂಘದ ಸದಸ್ಯರು ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಳ್ಳಬಾರದೆಂಬುದು ಆ ಸಂಘದ ಕಟ್ಟಳೆ. ಸತ್ತವರಿಗೆ ಆ ಕಟ್ಟಳೆ ಅನ್ವಯಿಸುವುದಿಲ್ಲವೆಂದು ಕೆಲವರು ಹೇಳಿದರು. ಅಣ್ಣ ಒಪ್ಪುತ್ತಿರಲಿಲ್ಲ, ನನಗೆ ಅಷ್ಟು ಸಾಕು.

ಈಗ ಆ ‘ಮನಸ್ಸು’ ಎಂಬ ಪದಾರ್ಥದ ವಿಷಯ. ಅದು ಅಣ್ಣನಲ್ಲಿ ಕಡಿಮೆಯಿತ್ತೆ? ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಅವರು ಲೇತ್ ಕೆಲಸಗಾರರು. ಕುಡಿದು ರಾತ್ರಿ ಹನ್ನೊಂದಕ್ಕೆ ಬಂದರೂ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ಚೀಟಿ ಒತ್ತುತ್ತಿದ್ದವರು. ಜಡರಾದವರು ಮಾಡುವ ಕೆಲಸವೆ ಅದು? ಬಿಡಬೇಕೆಂಬ ಸಂಕಲ್ಪವನ್ನೂ ಅವರು ಮಾಡದೆ ಇರಲಿಲ್ಲ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ಕೂದಲು ಬೆರಳಷ್ಟು ಬೆಳೆಯುವುದರೊಳಗೆ ಮತ್ತೆ ಕುಡಿದಿದ್ದರು. ಧರ್ಮಸ್ಥಳದಲ್ಲಿ ಆಣೆ ಇಟ್ಟರು. ಮಂಜುನಾಥನ ಆಣೆ ಎಂದರೆ ನಮ್ಮ ಕಡೆ ಎಂಥ ಗಟ್ಟಿಗರಿಗೂ ಎದೆ ನಡುಗುತ್ತದೆ. ಅದು ಹನ್ನೊಂದು ದಿನ ನಡೆಯಿತು. ಕಡೆಗೆ ನನ್ನ ತಲೆಯ ಮೇಲೆ ಕೈಯಿಟ್ಟು, “ಈ ಮಗುವಿನಾಣೆ” ಎಂದರು. ಆಗ ನನಗೆ ಎಂಟು ವರ್ಷ. ಆ ಕೈ ನಡುಗುತ್ತಿದ್ದುದು ನನ್ನ ನೆತ್ತಿಗೆ ಇನ್ನೂ ಗೊತ್ತು. ಮೂರು ವಾರವಾದ ಮೇಲೆ ಆಣೆ ಮುರಿಯಿತು. ಅದೇ ವಾರ ನನಗೆ ಟೈಫಾಯ್ಡ್ ಹಿಡಿಯಿತು. ತಾನು ಆಣೆ ಮುರಿದದ್ದರಿಂದಲೇ ಮಗುವಿಗೆ ಜ್ವರ ಬಂತೆಂದು ಅವರು ನಂಬಿದರು. ನಂಬಿ, ಆ ಅಳುಕನ್ನು ತಡೆಯಲಾರದೆ ಇನ್ನಷ್ಟು ಕುಡಿದರು. ಆಣೆ ಪ್ರಮಾಣಗಳ ಮಹಿಮೆಯನ್ನು ಸಾರುವವರು ಈ ಲೆಕ್ಕವನ್ನೂ ಬರೆದಿಟ್ಟುಕೊಳ್ಳಬೇಕು.

1978ರ ಯುಗಾದಿಗೆ ಅವರು ಯಾರಿಗೂ ಹೇಳದೆ, ಯಾವ ಆಣೆಯೂ ಇಲ್ಲದೆ, ಶುದ್ಧ ಮನೋಬಲದಿಂದಲೇ ಕುಡಿತ ನಿಲ್ಲಿಸಿದರು. ನಮ್ಮ ಭಾಷಣಕಾರರು ಮೆಚ್ಚುವಂಥ ಸಂಕಲ್ಪ. ಹಬ್ಬದ ದಿನ ಬೇವುಬೆಲ್ಲ ತಿಂದರು. ಕೈ ನಡುಗಿ ಕಾಫಿಯ ಲೋಟ ಹಿಡಿಯಲಾಗಲಿಲ್ಲ. ಮಾರನೆಯ ದಿನ ಬಚ್ಚಲಲ್ಲಿ ಬಿದ್ದರು. ಹಲ್ಲು ಕಚ್ಚಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಮೂರನೆಯ ದಿನ ಗೋಡೆಯ ಮೇಲೆ ಇರುವೆಯ ಸಾಲು ಹರಿಯುತ್ತಿದೆಯೆಂದು ಕೂಗುತ್ತ ಬರಿಯ ಗೋಡೆಯನ್ನು ಒರೆಸತೊಡಗಿದರು. ಗಾಳಿ ಸೋಕಿದೆಯೆಂದು ವಠಾರದವರು ಒಬ್ಬ ಮಂತ್ರವಾದಿಯನ್ನು ಕರೆತಂದರು. ಎದುರು ಮನೆಯ ಕಾಂಪೌಂಡರೊಬ್ಬರು ಜಗಳ ಮಾಡಿ ಆಟೋ ತರಿಸಿ ಆಸ್ಪತ್ರೆಗೆ ಸೇರಿಸದೆ ಇದ್ದಿದ್ದರೆ ಈ ಲೇಖನ ಬರೆಯುವ ಸಂದರ್ಭ 1978ರಲ್ಲಿಯೇ ಬರುತ್ತಿತ್ತು. ಡಾಕ್ಟರು ಅಮ್ಮನಿಗೆ ಹೇಳಿದರಂತೆ: “ಇದು ಕುಡಿದು ಆದದ್ದಲ್ಲಮ್ಮ, ಬಿಟ್ಟು ಆದದ್ದು. ಹೀಗೆ ಮನೆಯಲ್ಲಿ ಒಬ್ಬರೇ ಬಿಡಬಾರದಾಗಿತ್ತು.”

ವಿಷಯವೇನೂ ಗೂಢವಲ್ಲ. ಮದ್ಯ ನರಗಳ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಅದು ಮೈಯಲ್ಲಿದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗವನ್ನು ಏರಿಸಿಕೊಂಡು ಸಮತೂಕ ಸಾಧಿಸುತ್ತದೆ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಮುಗ್ಗರಿಸಿ ಬೀಳುತ್ತಾರಷ್ಟೆ, ಇದೂ ಹಾಗೆಯೇ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನಗಳಲ್ಲಿ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಬಹಳ ಕಾಲ ಬಹಳವಾಗಿ ಕುಡಿದವರಿಗೆ ಆಗುವ ಸಂಭವವುಂಟು. ನರಗಳನ್ನು ತಣಿಸುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಟ್ಟು, ಬಿ-1 ಜೀವಸತ್ವ ತುಂಬಿ, ವೈದ್ಯರ ಕಣ್ಣೆದುರಿನಲ್ಲಿ ಬಿಡಿಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಇಷ್ಟು ತಿಳಿದಮೇಲೂ ‘ಒಂದು ದಿನ ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿಬಿಡು’ ಎಂದು ಸಭೆಯಲ್ಲಿ ನಿಂತು ಉಪದೇಶಿಸುವುದು ಬುದ್ಧಿವಾದವೆ, ಅಪಾಯವೆ?

ಆಸ್ಪತ್ರೆಯಿಂದ ಬಂದು ಆರು ತಿಂಗಳಿಗೆ ಅಣ್ಣ ಮತ್ತೆ ಹಳೆಯ ಅಂಗಡಿಗೆ ಹೋದರು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳಬರಿಗೆ ಅದು ನೆನಪಿರಬೇಕು. ಆ ಸುದ್ದಿ ಓದಿದ ಸಂಜೆ ಅಣ್ಣ, “ನಾನು ಕುಡಿಯುವುದು ಸೀಲು ಒಡೆಯದ ಸರ್ಕಾರಿ ಮಾಲು” ಎಂದು ಧೈರ್ಯ ಹೇಳಿ ಹೊರಟರು. ಅಮ್ಮ ಪತ್ರಿಕೆಯನ್ನು ಮಡಿಸಿ ಅಕ್ಕಿಡಬ್ಬಿಯ ಅಡಿಗೆ ಹಾಸಿದರು; ಏನೂ ಹೇಳಲಿಲ್ಲ.

ಮರುವರ್ಷ ಕಾರ್ಖಾನೆಯ ಸಹೋದ್ಯೋಗಿಯೊಬ್ಬರು ಅಪರಿಚಿತರೊಬ್ಬರನ್ನು ಮನೆಗೆ ಕರೆದುಕೊಂಡು ಬಂದರು. ಆತ ಜಗಲಿಯ ಮೇಲೆ ಕೂತು, ಅಣ್ಣನ ಕುಡಿತದ ವಿಷಯ ಒಂದು ಮಾತೂ ಎತ್ತದೆ, ಒಂದು ಗಂಟೆ ತನ್ನ ಕಥೆ ಹೇಳಿದರು: ತಾನು ಹೆಂಡತಿಯ ಬಳೆ ಅಡವಿಟ್ಟದ್ದು, ಮಗನ ಫೀಜು ಕುಡಿದದ್ದು, ಚರಂಡಿಯಲ್ಲಿ ಮಲಗಿದ್ದು. ಕಾಫಿ ಕುಡಿದು, “ಮಂಗಳವಾರ ಸಂಜೆ ಒಂದು ಕಡೆ ಸೇರುತ್ತೇವೆ, ಬರುವುದಾದರೆ ಬನ್ನಿ” ಎಂದು ಹೊರಟುಹೋದರು. ಅಣ್ಣ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು: “ಹದಿನೈದು ವರ್ಷದಲ್ಲಿ ಅವತ್ತು ಮೊದಲ ಸಲ ಒಬ್ಬ ಮನುಷ್ಯ ನನಗೆ ಬುದ್ಧಿ ಹೇಳಲಿಲ್ಲ.”

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಆ ಸಂಘ ಹುಟ್ಟಿದ ರೀತಿಯೂ ಹೀಗೆಯೇ. 1935ರಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವನು ಅಮೆರಿಕದ ಆಕ್ರನ್ ಎಂಬ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ಹೋಟೆಲಿನ ಮೊಗಸಾಲೆಯಲ್ಲಿ ಮದ್ಯದಂಗಡಿಯ ಸದ್ದು ಕಿವಿಗೆ ಬೀಳುತ್ತಿತ್ತು. ಆಗ ಅವನು ಮಾಡಿದ್ದೇನು? ಸಂಕಲ್ಪ ಮಾಡುತ್ತ ಕೂರಲಿಲ್ಲ. ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿರೆಂದು ಊರಿನವರಿಗೆ ಟೆಲಿಫೋನು ಮಾಡಿದ. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರವೈದ್ಯರು. ನಮ್ಮ ಭಾಷಣಕಾರರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಆ ಭೇಟಿಯಾದ ಮೇಲೆ ಡಾಕ್ಟರು ಕುಡಿತ ಬಿಟ್ಟರು; ವೈದ್ಯರ ಸಮ್ಮೇಳನವೊಂದಕ್ಕೆ ಹೋದವರು ಅಲ್ಲಿ ಮತ್ತೆ ಕುಡಿದರು; ಹಿಂದಿರುಗಿ, ಜೂನ್ 10ರಂದು ಕೊನೆಯ ಸಲ ಕುಡಿದರು. ಸಂಘ ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಆ ದಿನವನ್ನು. ಸ್ಥಾಪಕರೇ ಒಮ್ಮೆ ಜಾರಿ ಎದ್ದ ಸಂಘ ಅದು. ಭಾರತಕ್ಕೆ ಅದು ಬಂದದ್ದು 1957ರಲ್ಲಿ, ಮುಂಬಯಿಗೆ.

ಅಣ್ಣನೂ ಜಾರಿದರು. ಹದಿನಾಲ್ಕು ತಿಂಗಳು ನೆಟ್ಟಗಿದ್ದು, 1983ರಲ್ಲಿ ಬಂಧುಗಳ ಮದುವೆಯೊಂದರಲ್ಲಿ ಕುಡಿದರು. 1985ರಲ್ಲಿ ಇನ್ನೊಮ್ಮೆ, ಈ ಸಲ ಯಾವ ಕಾರಣವೂ ಇರಲಿಲ್ಲ, ಒಂದು ಸಾಧಾರಣ ಬುಧವಾರ. ಎರಡು ಸಲವೂ ಮುಂದಿನ ಮಂಗಳವಾರ ಅವರ ಕುರ್ಚಿ ಅಲ್ಲಿಯೇ ಇತ್ತು. ಯಾರೂ ಹುಬ್ಬು ಏರಿಸಲಿಲ್ಲ. ಆಮೇಲಿನ ನಲವತ್ತು ವರ್ಷಗಳನ್ನು ಸಭೆಯಲ್ಲಿ ಎಲ್ಲರೂ ಕೊಂಡಾಡಿದರು. ಈ ಎರಡು ತಾರೀಖುಗಳನ್ನು ಒಬ್ಬರೂ ಹೇಳಲಿಲ್ಲ. ಅಣ್ಣ ಮಾತ್ರ ತಮ್ಮೆದುರು ಬಂದು ಕೂತ ಪ್ರತಿಯೊಬ್ಬನಿಗೂ ಮೊದಲು ಹೇಳುತ್ತಿದ್ದುದೇ ಅವನ್ನು.

ಹೊತ್ತು ಸಿಕ್ಕಿದಾಗ ಸಂಜೆಯ ವೇಳೆ, ನಿವೃತ್ತರಾದ ಮೇಲೆ ಇಡೀ ದಿನ, ಒಂದು ಧರ್ಮಸಂಸ್ಥೆಯ ಚಿಕಿತ್ಸಾಕೇಂದ್ರದಲ್ಲಿ ಅವರು ಕೆಲಸ ಮಾಡಿದರು. ಬಾಗಿಲ ಮೇಲೆ ‘ಆಪ್ತಸಲಹೆಗಾರರು’ ಎಂದು ಬರೆಸಿದ್ದರು. “ಆಪ್ತ ಅನ್ನುವುದು ಸರಿ, ಸಲಹೆ ನಾನೆಲ್ಲಿ ಕೊಡುತ್ತೇನೆ?” ಎಂದು ನಗುತ್ತಿದ್ದರು. ಕೋಣೆಯಲ್ಲಿ ಒಂದೇ ಎತ್ತರದ ಎರಡು ಬೆತ್ತದ ಕುರ್ಚಿಗಳು, ನಡುವೆ ಮೇಜಿಲ್ಲ. ಮೇಜು ಹಾಕಿಸಿಕೊಡುತ್ತೇವೆಂದರೆ ಬೇಡವೆಂದರು. ಮೇಜಿದ್ದರೆ ತಾನು ಬ್ಯಾಂಕಿನವನಂತೆ, ಎದುರು ಕೂತವನು ಸಾಲ ಕೇಳಲು ಬಂದವನಂತೆ ಕಾಣುತ್ತಾನೆಂದು ಅವರ ವಾದ. ನಾಲ್ಕು ದಿನ ಬಾರದೆ ಇದ್ದವರಿಗೆ ಅಂಚೆಯ ಕಾರ್ಡು ಬರೆಯುತ್ತಿದ್ದರು: “ಕಾಫಿಗೆ ಬನ್ನಿ.” ಅಷ್ಟೇ. ಕಾರ್ಡನ್ನು ಪೋಸ್ಟಿನವನೂ ಓದುತ್ತಾನೆ, ಅತ್ತೆಯೂ ಓದುತ್ತಾರೆ. ಅದರಿಂದ ಒಬ್ಬನ ಮಾನ ಹೋಗಬಾರದು. ಮೊಬೈಲು ಬಂದ ಮೇಲೂ ಕಾರ್ಡು ಬಿಡಲಿಲ್ಲ. ಟೆಲಿಫೋನು ಬಂದರೆ ಕುಡಿದವನು ಎತ್ತುವುದಿಲ್ಲ. ಕಾರ್ಡು ಹೊಸಲಿನ ಒಳಗೆ ಬಿದ್ದೇ ಇರುತ್ತದೆ, ಎಂದೋ ಒಂದು ದಿನ ಕಣ್ಣಿಗೆ ಬೀಳುತ್ತದೆ.

ಒಮ್ಮೆ ಯಾರೋ ಅತಿಥಿಗಳು, “ಇದುವರೆಗೆ ಎಷ್ಟು ಜನರನ್ನು ಬಿಡಿಸಿದ್ದೀರಿ?” ಎಂದು ಕೇಳಿದರು. “ಒಬ್ಬನನ್ನೂ ಇಲ್ಲ ಸ್ವಾಮಿ. ಬಂದು ಹೋದವರಲ್ಲಿ ಕೆಲವರು ಬಿಟ್ಟಿದ್ದಾರೆ” ಎಂದರು ಅಣ್ಣ. ಶ್ರದ್ಧಾಂಜಲಿಯಲ್ಲಿ ಅದೇ ಮನುಷ್ಯನನ್ನು ‘ಸಾವಿರಾರು ಕುಡುಕರ ಉದ್ಧಾರಕ’ ಎಂದರು!

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ಎತ್ತಿದವರಲ್ಲಿ ಮೊದಲಿಗರು ನಮ್ಮ ಅಮ್ಮ. ಕುಡಿತ ಕಾಯಿಲೆಯೆಂದು ಡಾಕ್ಟರುಗಳು ಹೇಳುತ್ತಾರೆಂದು ಅಣ್ಣ ವಿವರಿಸಿದಾಗ ಆಕೆ, “ಹಾಗಾದರೆ ನನ್ನ ಬಳೆ ಮಾರಿದ್ದೂ ಕಾಯಿಲೆಯೋ?” ಎಂದು ಕೇಳಿದರು. ಸಂಬಳದ ದಿನ ಕಾರ್ಖಾನೆಯ ಗೇಟಿನ ಹೊರಗೆ ಕಂಕುಳಲ್ಲಿ ನನ್ನ ತಮ್ಮನನ್ನು ಎತ್ತಿಕೊಂಡು ಕಾದವಳಿಗೆ ಆ ಪ್ರಶ್ನೆ ಕೇಳುವ ಹಕ್ಕು ಇತ್ತು. ಅಣ್ಣ ತಕ್ಷಣ ಉತ್ತರ ಕೊಡಲಿಲ್ಲ. ಆ ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಕೊಡಬೇಕಾದವರ ಹೆಸರು ಬರೆದರು: ದಿನಸಿ ಅಂಗಡಿಯ ಶೆಟ್ಟರು, ಹಾಲಿನವಳು, ಇಬ್ಬರು ಸಹೋದ್ಯೋಗಿಗಳು, ಸೋದರಮಾವ. ತೀರಿಸಲು ಆರು ವರ್ಷ ಹಿಡಿಯಿತು. ಹಾಲಿನವಳು ಮನೆ ಬದಲಾಯಿಸಿದ್ದಳು. ಹುಡುಕಿ ಕೊಟ್ಟು ಬಂದರು. ಅಮ್ಮನ ಹೆಸರು ಆ ಪಟ್ಟಿಯಲ್ಲಿ ಇದ್ದದ್ದು ಕಟ್ಟಕಡೆಗೆ. “ಊರಿನ ಸಾಲವೆಲ್ಲ ತೀರಿದ ಮೇಲೆ ನನ್ನ ಸರದಿ ಬಂತು” ಎಂದು ಆಕೆ ಸಾಯುವತನಕ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೂ ಅದು ಪೂರಾ ನಗೆಯಲ್ಲ. ಪರರ ಮಕ್ಕಳಿಗೆ ಕೊಟ್ಟಷ್ಟು ಹೊತ್ತನ್ನು ಅಣ್ಣ ನಮಗೆ ಕೊಡಲಿಲ್ಲವೆಂಬುದು ನನ್ನ ಪಟ್ಟಿಯಲ್ಲಿಯೂ ಬಾಕಿ ಇದೆ. ಭಾಷಣಕಾರರು ಅವರನ್ನು ಸಂತರೆಂದು ಕರೆದಾಗ ನನಗೆ ಅದೂ ನೆನಪಾಯಿತು.

ಕಾಯಿಲೆಯೆಂದರೆ ಹೊಣೆ ತಪ್ಪಿತೆಂದಲ್ಲ. ಸಕ್ಕರೆ ಕಾಯಿಲೆ ಬಂದವನಿಗೆ, “ನಿನಗೆ ಮನಸ್ಸಿಲ್ಲ, ಅದಕ್ಕೇ ಸಕ್ಕರೆ ಏರಿದೆ” ಎಂದು ಯಾರೂ ಹೇಳುವುದಿಲ್ಲ. ಮಾತ್ರೆ ತಪ್ಪಿಸಬೇಡ ಎನ್ನುತ್ತಾರೆ. ಮಾತ್ರೆ ತೆಗೆದುಕೊಳ್ಳುವ ಹೊಣೆ ರೋಗಿಯದೇ. ಮತ್ತೆ ಏರಿದರೆ ಔಷಧ ಬದಲಾಯಿಸುತ್ತಾರೆ, ಮನೆಯಿಂದ ಓಡಿಸುವುದಿಲ್ಲ. 2000ದಲ್ಲಿ ಮೆಕ್ಲೆಲನ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದುಂಟು. ಮಾದಕ ವ್ಯಸನದ ಚಿಕಿತ್ಸೆ ಪಡೆದವರಲ್ಲಿ ಮತ್ತೆ ಮರಳಿ ಬೀಳುವವರು ನೂರಕ್ಕೆ 40ರಿಂದ 60. ರಕ್ತದ ಒತ್ತಡ, ಉಬ್ಬಸದ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ನೂರಕ್ಕೆ 50ರಿಂದ 70. ರಕ್ತದ ಒತ್ತಡದವರನ್ನು ನಾವು ಮಾತುಗೆಟ್ಟವರೆಂದು ಕರೆಯುತ್ತೇವೆಯೆ?

ನಮ್ಮಲ್ಲಿ ಕುಡುಕನಿಗೆ ಎರಡೇ ಪಾತ್ರ: ನಗಿಸುವವನು, ಇಲ್ಲವೆ ಬಡಿಸಿಕೊಳ್ಳುವವನು. ಕುಡಿತವನ್ನೇ ಅರಿಯದ ರಾಜರತ್ನಂ ಅವರು ಯೆಂಡಕುಡುಕ ರತ್ನನೊಳಗೆ ಹೊಕ್ಕು ಅವನೊಳಗಿನ ಮನುಷ್ಯನನ್ನು ತೋರಿಸಿದರು. ನಾವು ಆ ಮನುಷ್ಯನನ್ನು ಬಿಟ್ಟು ತೂರಾಟವನ್ನಷ್ಟೇ ಸಿನಿಮಾಕ್ಕೆ ತೆಗೆದುಕೊಂಡೆವು. ಇರಲಿ, ಅದು ಬೇರೆ ಜಗಳ.

‘ಮನಸ್ಸು ಮಾಡಿದರೆ ಸಾಕು’ ಎಂಬ ಮಾತು ಬರಿಯ ಮಾತಾಗಿ ಉಳಿದಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಅದಕ್ಕೆ ಸಂತಾನವುಂಟು. ಬಸ್ ನಿಲ್ದಾಣದ ಗೋಡೆಗಳ ಮೇಲೆ ನೀವು ನೋಡಿರಬಹುದು: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು.’ ಅವನಿಗೆ ಮನಸ್ಸಿಲ್ಲವಷ್ಟೆ, ಆದ್ದರಿಂದ ಅವನ ಸಾರಿನಲ್ಲಿ ಪುಡಿ ಕಲಸಿರಿ! 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕುಡಿತಕ್ಕೆ ಉಪಯೋಗವೆಂದು ಕಂಡುಕೊಂಡ ಡೈಸಲ್ಫಿರಾಮ್ ಎಂಬ ಔಷಧವಿದೆ. ಅದನ್ನು ತೆಗೆದುಕೊಂಡು ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿಯುತ್ತದೆ, ಪ್ರಾಣಕ್ಕೂ ಬರಬಹುದು. ತಿಳಿದು, ಒಪ್ಪಿ, ವೈದ್ಯರ ಅಂಕೆಯಲ್ಲಿ ತೆಗೆದುಕೊಳ್ಳುವವನಿಗೆ ಅದು ಸಹಾಯಕ. ಗುಟ್ಟಾಗಿ ಅನ್ನದಲ್ಲಿ ಹಾಕಿದರೆ ವಿಷಪ್ರಯೋಗ. ಗೋಡೆಯ ಪುಡಿಯಲ್ಲಿ ಏನಿದೆಯೋ, ಮಾರುವವನೇ ಬಲ್ಲ.

ಇನ್ನು ಊರ ಹೊರಗಿನ ಕೆಲವು ‘ಕೇಂದ್ರ’ಗಳು. ಎಲ್ಲವೂ ಹಾಗಲ್ಲ, 1991ರಿಂದ ನಡೆದುಬಂದ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ವಿಭಾಗವಿದೆ, ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಆಸ್ಪತ್ರೆಯಿದೆ. ನಾನು ಹೇಳುತ್ತಿರುವುದು ಬೇರೆ ಜಾತಿಯವು. 2019ರಲ್ಲಿ ನಮಗೆ ಪರಿಚಯದ ಕುಟುಂಬವೊಂದು ತಮ್ಮ ಒಬ್ಬನೇ ಮಗನನ್ನು ಅಂಥದೊಂದಕ್ಕೆ ಸೇರಿಸಿತು. ರಾತ್ರಿ ನಾಲ್ವರು ಬಂದು ಅವನನ್ನು ಜೀಪಿನಲ್ಲಿ ಹೊತ್ತುಕೊಂಡು ಹೋದರು. ಮೂರು ತಿಂಗಳ ಹಣ ಮುಂಗಡ. ಹುಡುಗನ ತಲೆ ಬೋಳಿಸಿದ್ದರು. ಮೊದಲ ವಾರ ಮಂಚಕ್ಕೆ ಕಟ್ಟಿದ್ದರು. ಮಾತು ಕೇಳದಿದ್ದರೆ ಪೈಪಿನ ಪೆಟ್ಟು. ಅಣ್ಣ 79ನೆಯ ವಯಸ್ಸಿನಲ್ಲಿ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಿ ಜಗಳವಾಡಿದರು. ಅಲ್ಲಿಯ ಯಜಮಾನ ವಿನಯವಾಗಿಯೇ ಹೇಳಿದನಂತೆ: “ಸಾರ್, ಇವರಿಗೆ ಮನಸ್ಸು ಬರಿಸಬೇಕಾದರೆ ಸ್ವಲ್ಪ ಪೆಟ್ಟು ಬೇಕು.” ನೋಡಿದಿರಾ? ಸಭೆಯಲ್ಲಿ ಹೂವಿನ ಹಾರದ ಪಕ್ಕ ಆಡಿದ ಮಾತಿಗೂ ಪೈಪು ಹಿಡಿದವನು ಆಡಿದ ಮಾತಿಗೂ ಎಷ್ಟು ಹತ್ತಿರದ ನಂಟು!

ಕಾನೂನು ಏನು ಹೇಳುತ್ತದೆಂದು ಕೇಳುವವರಿಗೆ: 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆ, ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಬಲವಂತವಾಗಿ ತಲೆ ಬೋಳಿಸಬಾರದೆಂದು ಕೂಡ ಅದರಲ್ಲಿ ಬರೆದಿದೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದೆಂದೂ ಇದೆ. ಆದರೆ 2019ರಲ್ಲಿ ವಿಮಾ ಪ್ರಾಧಿಕಾರ ರೂಪಿಸಿದ ಮಾದರಿ ವಾಕ್ಯಗಳಲ್ಲಿ, ವಿಮೆಯಿಂದ ಹೊರಗಿಡಬಹುದಾದವುಗಳ ಪಟ್ಟಿಯೊಳಗೆ ಮದ್ಯವ್ಯಸನದ ಚಿಕಿತ್ಸೆಗೆ ಸ್ಥಾನ ಸಿಕ್ಕಿತು. ಒಂದು ಕೈ ಕಾಯಿಲೆಯೆಂದು ಬರೆಯಿತು, ಇನ್ನೊಂದು ಕೈ ಚಟವೆಂದು ಹೊಡೆದುಹಾಕಿತು. ಈ ಪತ್ರಿಕೆ ಓದುವ ಮನೆಗಳಲ್ಲಿ ಆರೋಗ್ಯ ವಿಮೆಯ ಕಾಗದ ಇದ್ದೇ ಇರುತ್ತದೆ. ಒಮ್ಮೆ ತೆಗೆದು ನೋಡಬಹುದು.

ಸರ್ಕಾರದ ಮಾತೂ ಬರಬೇಕಷ್ಟೆ. ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧಕ್ಕೆ ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಒಳ್ಳೆಯದೇ. 2024-25ರ ಆಯವ್ಯಯದಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 38,525 ಕೋಟಿ ರೂಪಾಯಿ. ನಾನು ಪಾನನಿರೋಧದ ಪಕ್ಷದವಳಲ್ಲ, ಅಣ್ಣನೂ ಅಲ್ಲ. ಆದರೆ ಮಾರುವವನಿಗೆ ಗುರಿ, ಕೊಳ್ಳುವವನಿಗೆ ಮಾತ್ರ ಮನೋಬಲ ಎಂದರೆ ಹೇಗೆ? 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆಯೋ ನೆರವೋ ದೊರೆತದ್ದು ಒಬ್ಬರಿಗೆ. ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದದ್ದು 180ರಲ್ಲಿ ಒಬ್ಬರು. ಉಳಿದ 37 ಜನರಿಗೆ ನಾವು ಕೊಟ್ಟಿರುವ ಔಷಧ ‘ಮನಸ್ಸು ಮಾಡು’.

ಆ ಔಷಧ ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ಇಡೀ ರಾಜ್ಯ ನೋಡಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನಿನಿಂದ ಮದ್ಯದಂಗಡಿಗಳೆಲ್ಲ ಒಂದೇ ಸಲ ಮುಚ್ಚಿದವು. “ಒಳ್ಳೆಯದಾಯಿತು, ಇನ್ನು ಎಲ್ಲ ತಾವಾಗಿ ಬಿಡುತ್ತಾರೆ” ಎಂದು ನಮ್ಮ ಬೀದಿಯಲ್ಲಿ ಹೇಳದವರಿಲ್ಲ. ಅಣ್ಣ ಮಾತ್ರ ಆ ಸಂಜೆಯಿಂದ ಟೆಲಿಫೋನು ಹಿಡಿದು ಕೂತರು, ತಮ್ಮ ನೋಟ್‌ಬುಕ್ಕಿನ ಹೆಸರುಗಳಿಗೆಲ್ಲ, “ಕೈ ನಡುಗಿದರೆ, ಬೆವತರೆ, ಆಸ್ಪತ್ರೆಗೆ ಹೋಗಿ. ಪೊಲೀಸರು ತಡೆದರೆ ನನ್ನ ಹೆಸರು ಹೇಳಿ” ಎನ್ನುತ್ತಿದ್ದರು. ಅವರ ಹೆಸರು ಯಾವ ಪೊಲೀಸರಿಗೆ ಗೊತ್ತಿತ್ತು, ಪಾಪ! ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ತೀವ್ರ ಸನ್ನಿ, ಫಿಟ್ಸುಗಳೊಂದಿಗೆ ಬಂದವರು ಹೆಚ್ಚಿದರೆಂದು ವೈದ್ಯರು ಆಮೇಲೆ ಬರೆದರು. ಮೇ 4ರಂದು ಅಂಗಡಿ ತೆರೆದಾಗ ನಿಂತ ಸಾಲುಗಳನ್ನು ನೀವೆಲ್ಲ ಟೆಲಿವಿಷನ್ನಿನಲ್ಲಿ ನೋಡಿ ನಕ್ಕಿದ್ದೀರಿ.

ಪೈಪಿನ ಪೆಟ್ಟು ತಿಂದು ಬಂದ ಆ ಹುಡುಗ ಹೊರಬಂದ ಸಂಜೆಯೇ ಕುಡಿದಿದ್ದ. ಆಮೇಲೆ ಅಣ್ಣನ ಬಳಿಗೆ ಬರುತ್ತಿದ್ದ, ತಪ್ಪಿಸುತ್ತಿದ್ದ, ಕಾರ್ಡು ಸಿಕ್ಕಿ ಮತ್ತೆ ಬರುತ್ತಿದ್ದ. ಲಾಕ್‌ಡೌನಿನ ಮೂರನೆಯ ದಿನ ಅವನ ತಂದೆ ಅವನನ್ನು ಮೇಲಿನ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದರು. ಕೆಟ್ಟವರಲ್ಲ, ಮಗನ ಮೇಲೆ ಪ್ರಾಣ ಇಟ್ಟುಕೊಂಡವರು. ನಾಲ್ಕು ದಿನ ತಡೆದುಕೊಂಡರೆ ಮನಸ್ಸು ಗಟ್ಟಿಯಾಗುತ್ತದೆಂದು ಯಾರೋ ಹೇಳಿದ್ದರು. ಅಣ್ಣನ ಫೋನಿಗೆ, “ಸರಿಯಾಗಿದ್ದಾನೆ ಸಾರ್, ಕೂಗಾಡುತ್ತಾನೆ ಅಷ್ಟೆ” ಎಂದರು. ಆ ಕೂಗಾಟವೇನೆಂದು ಅಣ್ಣನಿಗೆ ಗೊತ್ತಾಯಿತು. ಆಂಬುಲೆನ್ಸ್ ಕರೆಸಿರೆಂದು ಬೇಡಿಕೊಂಡರು. ಬೆಳಗಿನ ಜಾವ ಕೂಗು ನಿಂತಾಗ ಮಲಗಿದನೆಂದು ತಿಳಿದರಂತೆ. ಅವನಿಗೆ 29.

ಅಣ್ಣ ಎರಡು ದಿನ ಊಟ ಮಾಡಲಿಲ್ಲ. “ನಾನೇ ನಡೆದುಕೊಂಡು ಹೋಗಬೇಕಾಗಿತ್ತು” ಎಂದಷ್ಟೇ ಹೇಳುತ್ತಿದ್ದರು. ಐದು ಮೈಲಿ ದೂರ, 80ರ ಮುದುಕರು, ಬೀದಿ ತುಂಬ ಪೊಲೀಸರು. ಆದರೂ ಆ ಮಾತು ಅವರ ಬಾಯಿಂದ ಕೊನೆಯತನಕ ಹೋಗಲಿಲ್ಲ.

ಆ ಹುಡುಗನ ತಾಯಿ ಶ್ರದ್ಧಾಂಜಲಿ ಸಭೆಗೆ ಬಂದಿದ್ದರು. ಕಡೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದರು. ಚಪ್ಪಾಳೆ ಬಿದ್ದಾಗ ನಾನು ಏಕೋ ಹಿಂದಿರುಗಿ ನೋಡಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, ವೇದಿಕೆಯನ್ನೇ ದಿಟ್ಟಿಸುತ್ತಿದ್ದರು. ಸಭೆ ಮುಗಿಯುವಷ್ಟರಲ್ಲಿ ಎದ್ದು ಹೋಗಿದ್ದರು. ನಾನು ಆಗಲೇ ಎದ್ದು ನಿಂತು, “ಸ್ವಾಮಿ, ನೀವು ಹೇಳುವುದು ತಪ್ಪು” ಎನ್ನಬೇಕಾಗಿತ್ತು. ಶಿಷ್ಟಾಚಾರ ನೋಡಿಕೊಂಡೆ.

ಸಭೆಯ ಭಾಷಣಗಳನ್ನೆಲ್ಲ ಸೇರಿಸಿ ಒಂದು ಸ್ಮರಣಸಂಚಿಕೆ ಅಚ್ಚು ಹಾಕಿಸುವುದಾಗಿ ವ್ಯವಸ್ಥಾಪಕರು ತಿಳಿಸಿದ್ದಾರೆ. ಆ ಮಹನೀಯರ ಭಾಷಣವನ್ನು ಬಿಡಬೇಕೆಂದು ನಾನು ಕೇಳಿಲ್ಲ. ಅದರ ಎದುರು ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ನಮ್ಮ ತಂದೆಯವರು ಮತ್ತೆ ಕುಡಿದ ಎರಡು ತಾರೀಖುಗಳನ್ನೂ ಅವರ ಕೈಯಿಂದಲೇ ಬರೆದಿಟ್ಟಿದ್ದ ಹಾಗೆ ಹಾಕಬೇಕೆಂದು ಕಾಗದ ಬರೆದಿದ್ದೇನೆ. ನೋಟ್‌ಬುಕ್ಕಿನ ಆ ಹಾಳೆಯ ನಕಲನ್ನೂ ಇಟ್ಟಿದ್ದೇನೆ. ಎರಡು ವಾರವಾಯಿತು, ಉತ್ತರ ಬಂದಿಲ್ಲ.